ಹಳಿಯಣ್ಣನ ಇಪ್ಪತ್ತನಾಲ್ಕು ಕೊನೆಗಳು

ಐದನೇ ಕುರ್ಚಿಯ ಮನುಷ್ಯ "ಅಂಚೆಯವಳನ್ನ ಮುಳುಗಿಸಲೋ ಬೇಡವೋ, ನೀವೇ ಹೇಳಿಬಿಡಿ ಸಿಸ್ಟರ್" ಎಂದು ಕೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ. ಕಂಬಳಿ ಅಕ್ಕ ಎಂಟು ಕಂಬಳಿಗಳನ್ನು ಗಲ್ಲದವರೆಗೆ ಪೇರಿಸಿಕೊಂಡು, ಬಾಗಿಲನ್ನು ಸೊಂಟದಿಂದ ನೂಕಿ ಆಗಷ್ಟೇ ಒಳಗೆ ಬರುತ್ತಿದ್ದಳು. ಕಾಲು ಅಲ್ಲೇ ನಿಂತುಬಿಟ್ಟಿತು. ದೊಡ್ಡ ಸಿಸ್ಟರ್ ಅವನ ಕೈಯ ಸೂಜಿಗೆ ಪಟ್ಟಿ ಅಂಟಿಸುತ್ತಾ, ಹವಾಮಾನದ ಮಾತಾಡುವಷ್ಟು ಸಲೀಸಾಗಿ, "ಮುಳುಗಿಸಿಬಿಡಿ, ಪಾಪ ಅವಳಾದರೂ ಎಷ್ಟು ಅಂತ ಓಡ್ತಾಳೆ" ಎಂದರು. ಕೋಣೆಯೆಲ್ಲ ನಕ್ಕಿತು. ನಗದೆ ನಿಂತವಳು ಕಂಬಳಿ ಅಕ್ಕ ಒಬ್ಬಳೇ.

ಆಮೇಲೆ ಸಿಸ್ಟರ್ ಅವಳಿಗೆ ಬಿಡಿಸಿ ಹೇಳಿದರು. ಐದನೇ ಕುರ್ಚಿಯವನು ತನ್ನ ಟ್ಯಾಬಿನಲ್ಲಿ ಒಂದು ಆಟ ಮಾಡುತ್ತಿದ್ದಾನೆ. ಗುಂಡು ಹೊಡೆಯುವ ಆಟವಲ್ಲ, ಓದುವ ಆಟ. ಕಥೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಈಗ ಏನು ಮಾಡುತ್ತೀಯ ಎಂದು ಓದುವವರನ್ನೇ ಕೇಳುತ್ತದೆ, ಅವರು ಒತ್ತಿದ ಗುಂಡಿಯ ಕಡೆಗೆ ತಿರುಗುತ್ತದೆ. ಇಂಥದ್ದೊಂದು ಲೋಕದಲ್ಲಿ ಇದೆ ಎಂದು ಅವಳು ಕೇಳಿದ್ದು ಅದೇ ಮೊದಲು. ಕಂಬಳಿಯನ್ನು ಅವನ ಪಾದದ ಕೆಳಗೆ ಒತ್ತಿ ಸಿಕ್ಕಿಸುತ್ತಾ ಹೇಳಿದಳು: "ಕಥೆ ಹೇಳೋನೇ ಮುಂದೇನು ಅಂತ ಕೇಳೋರನ್ನ ಕೇಳಿದ್ರೆ, ಅವನಿಗೆ ಕಥೆ ಬರಲ್ಲ ಅಂತ ತಾನೇ ಅರ್ಥ?"

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಅದು ಮೂತ್ರಪಿಂಡ ಕೈಕೊಟ್ಟವರ ಕೋಣೆ. ಎಂಟು ಒರಗು ಕುರ್ಚಿ, ಪ್ರತಿ ಕುರ್ಚಿಯ ಪಕ್ಕದಲ್ಲಿ ಒಂದು ಯಂತ್ರ. ಕೈಯಿಂದ ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದುಕೊಂಡು, ಇನ್ನೊಂದು ಕೊಳವೆಯಲ್ಲಿ ಒಳಗೆ ಬರಬೇಕು. ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ರಕ್ತ ಹೊರಗೆ ತಿರುಗಾಡಿ ಬರುವುದರಿಂದ ಬಿರುಬೇಸಿಗೆಯಲ್ಲೂ ಚಳಿ. ಅದಕ್ಕೇ ಕಂಬಳಿ. ಕಂಬಳಿ ಹೊದೆಸುವುದು, ಬಿದ್ದದ್ದನ್ನು ಎತ್ತಿಕೊಡುವುದು, ಕಾಲು ಹಿಡಿದುಕೊಂಡಾಗ ಪಾದ ತಿಕ್ಕುವುದು, ಒಣಗಿದ ಬಾಯಿಗೆ ಒಂದೇ ಒಂದು ಚೂರು ಮಂಜುಗಡ್ಡೆ ಕೊಡುವುದು, ಇವೆಲ್ಲ ಕಂಬಳಿ ಅಕ್ಕನ ಪಾಲಿನ ಕೆಲಸ. ಅವಳ ಯಜಮಾನರು ಅದೇ ಕೋಣೆಯ ಏಳನೇ ಕುರ್ಚಿಯಲ್ಲಿ ಎರಡು ವರ್ಷ ಕೂತು ಎದ್ದವರು. ಅವರು ಹೋದ ಮೂರನೇ ತಿಂಗಳಿಗೆ ದೊಡ್ಡ ಸಿಸ್ಟರ್ ಕರೆದು, ಮನೆಯಲ್ಲಿ ಗೋಡೆ ನೋಡುತ್ತಾ ಕೂರುವ ಬದಲು ಇಲ್ಲಿಗೆ ಬಾ ಎಂದಿದ್ದರು. ಅರವತ್ತಾರು ವಯಸ್ಸು, ನಾಲ್ಕನೇ ಇಯತ್ತೆ ಓದು. ಆದರೆ ಯಾರಿಗೆ ಯಾವ ಕಂಬಳಿ, ಯಾರ ತೂಕ ಕಳೆದ ವಾರ ಎಷ್ಟಿತ್ತು, ಯಾರ ಸೊಸೆ ಯಾವ ದಿನ ಮುನಿಸಿಕೊಂಡು ಹೋಗಿದ್ದಳು, ಒಂದೂ ಮರೆಯುತ್ತಿರಲಿಲ್ಲ.

ಐದನೇ ಕುರ್ಚಿಯವನನ್ನು ಎಲ್ಲರೂ ಹಳಿಯಣ್ಣ ಎನ್ನುತ್ತಿದ್ದರು. ರೈಲು ನಿಲ್ದಾಣದ ಯಾರ್ಡಿನಲ್ಲಿ ಇಪ್ಪತ್ತೇಳು ವರ್ಷ ಹಳಿ ಬದಲಿಸುವ ಕೆಲಸ ಮಾಡಿದವನು. ಯಾವ ಗಾಡಿ ಯಾವ ಹಳಿಗೆ ಹೋಗಬೇಕೋ ಅದಕ್ಕೆ ತಕ್ಕ ಸನ್ನೆಕೋಲು ಎಳೆಯುವುದು, ಬೀಗ ಹಾಕುವುದು, ಹಸಿರು ಬಾವುಟ ತೋರಿಸುವುದು. ಸಕ್ಕರೆ ಕಾಯಿಲೆ ಮೊದಲು ಮೂತ್ರಪಿಂಡ ತಿಂದಿತು, ಆಮೇಲೆ ಕಣ್ಣಿಗೆ ಬಾಯಿ ಹಾಕಿತು. ಬಲಗಣ್ಣಿನಲ್ಲಿ ಆಗಲೇ ಬರಿ ಹೊಗೆ. ಎಡಗಣ್ಣಿನ ಒಳಗೂ ರಕ್ತ ಒಸರುತ್ತಿದೆ, ವರ್ಷ ತುಂಬುವುದು ಅನುಮಾನ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು. ಮದುವೆಯಿಲ್ಲ, ತಂಗಿಯ ಮನೆಯಲ್ಲಿ ವಾಸ. ಆಟ ಕಟ್ಟುವುದನ್ನು ತಂಗಿಯ ಗಂಡನ ಹಳೆಯ ಟ್ಯಾಬಿನಲ್ಲಿ ತಾನೇ ನೋಡಿ ನೋಡಿ ಕಲಿತಿದ್ದ. ಕಣ್ಣು ಹೋಗುವುದರೊಳಗೆ ಇದೊಂದನ್ನು ಮುಗಿಸಿ ಈ ಎಂಟು ಕುರ್ಚಿಗಳಲ್ಲಿ ಕೂರುವವರ ಕೈಗೆ ಕೊಡಬೇಕು ಎಂಬುದು ಅವನ ಹಟ. ಸೂಜಿ ಚುಚ್ಚಿದ ಕೈ ಅಲ್ಲಾಡಿಸುವಂತಿಲ್ಲ. ಪುಸ್ತಕ ಹಿಡಿಯಲಾಗದು, ಪುಟ ತಿರುವಲಾಗದು. ಇದಾದರೆ ಒಂದು ಹೆಬ್ಬೆರಳು ಸಾಕು.

ಎರಡು ವಾರ ಕಳೆದು ಅವನು ಕಂಬಳಿ ಅಕ್ಕನನ್ನು ಕರೆದ. "ಅಕ್ಕ, ನೀವು ಓದೋದು ತುಂಬ ನಿಧಾನವಂತೆ?"

"ಹಂಗಿಸೋಕೆ ಕರೆದ್ರಾ?"

"ಇಲ್ಲ ಅಕ್ಕ, ಅದಕ್ಕೇ ನೀವು ಬೇಕು. ನಿಮಗೆ ಎಷ್ಟು ಹೊತ್ತು ಹಿಡಿಯುತ್ತೋ ಅದೇ ಅಳತೆ. ನೀವು ಮುಗಿಸಿದ್ರೆ ಯಾರು ಬೇಕಾದ್ರೂ ಮುಗಿಸ್ತಾರೆ."

ಹೀಗೆ ಅವಳು ಓದತೊಡಗಿದಳು. ಕಂಬಳಿ ಹಂಚಿದ ಮೇಲೆ ಹತ್ತರಿಂದ ಹನ್ನೊಂದರವರೆಗೆ ಅವಳಿಗೆ ಬಿಡುವು. ಆಗ ಅವನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ. ಕಥೆ ಇಷ್ಟೇ: ಊರಿನ ಮೇಲಿನ ದೊಡ್ಡ ಕೆರೆಯ ಕಟ್ಟೆ ಬಿರುಕು ಬಿಟ್ಟಿದೆ. ಸಂಜೆಯೊಳಗೆ ಊರು ಖಾಲಿಯಾಗಬೇಕು. ಅಂಚೆಯವಳ ಚೀಲದಲ್ಲಿ ಹನ್ನೆರಡು ಕಾಗದ ಉಳಿದಿವೆ. ಅವಳು ಯಾವ ಬೀದಿ ಹಿಡಿಯಬೇಕು, ಯಾರ ಬಾಗಿಲು ತಟ್ಟಬೇಕು, ಬೇರೆಯವರ ಕಾಗದ ಒಡೆದು ಓದಬೇಕೋ ಬೇಡವೋ. ಮೂವತ್ತು ಕಡೆ ಕಥೆ ನಿಂತು ಕೇಳುತ್ತಿತ್ತು. ಅವಳಿಗೆ ಒಟ್ಟು ಮೂರೂಮುಕ್ಕಾಲು ಗಂಟೆ ಹಿಡಿಯಿತು. ಹಳಿಯಣ್ಣ ಗಡಿಯಾರ ನೋಡಿ, ಗಾಡಿಯನ್ನು ಸರಿಯಾದ ಹೊತ್ತಿಗೆ ನಿಲ್ದಾಣ ಮುಟ್ಟಿಸಿದವನಂತೆ ತಲೆಯಾಡಿಸಿದ. ನಾಲ್ಕು ಗಂಟೆಯ ಕುರ್ಚಿಗೆ ನಾಲ್ಕು ಗಂಟೆಯ ಕಥೆ. ಅವಳಿಗೂ ಚೆನ್ನಾಗಿದೆ ಎನಿಸಿತು, ಹಾಗೇ ಹೇಳಿದಳು. ಆಟ ಎಲ್ಲರ ಫೋನಿಗೂ ಹೋಯಿತು.

ಅವಳು ವಾರದ ಆರು ದಿನವೂ ಇರುವವಳು. ರೋಗಿಗಳು ಹಾಗಲ್ಲ, ಮಂಗಳ, ಗುರು, ಶನಿಯವರು ಬೇರೆ, ಸೋಮ, ಬುಧ, ಶುಕ್ರದವರು ಬೇರೆ. ಒಂದೇ ಕುರ್ಚಿಯಲ್ಲಿ ಕೂರುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಮೂರನೇ ಕುರ್ಚಿಯಲ್ಲಿ ಮಂಗಳವಾರ ಲಾರಿ ಮಾವ, ಬುಧವಾರ ಟೀಚರಮ್ಮ. ಲಾರಿ ಮಾವ ನಲವತ್ತು ವರ್ಷ ಲಾರಿ ಓಡಿಸಿದವರು; ಕಾಗದವನ್ನು ಕ್ಷೌರದಂಗಡಿಯವನಿಗೆ ಕೊಟ್ಟೆ, ಅವನು ಅಳುತ್ತಾ ಅಂಗಡಿ ಮುಚ್ಚಿ ಹೊರಟ, ಆಮೇಲೆ ನೀರು ಬಂತು, ಅಂಚೆಯವಳು ಸೇತುವೆ ಮೇಲೆ ನಿಂತು ಖಾಲಿ ಚೀಲ ನೋಡಿದಳು ಎಂದು ಹೇಳಿ ಕಣ್ಣು ಒರೆಸಿಕೊಂಡರು. ಮರುದಿನ ಟೀಚರಮ್ಮ, ತಾವು ಕ್ಷೌರದಂಗಡಿಯ ಹತ್ತಿರ ಸುಳಿಯಲೇ ಇಲ್ಲ, ಸೂಲಗಿತ್ತಿಯ ಮನೆಗೆ ಹೋದೆ ಎಂದರು. ಆಮೇಲೆ ನೀರು ಬಂತು, ಅಂಚೆಯವಳು ಸೇತುವೆ ಮೇಲೆ ನಿಂತು ಖಾಲಿ ಚೀಲ ನೋಡಿದಳು.

ಕಂಬಳಿ ಅಕ್ಕನ ಕೈ ಅರ್ಧ ಮಡಿಕೆಯಲ್ಲೇ ನಿಂತಿತು. ತಾನು ಓದಿದಾಗಲೂ ಅದೇ ಸೇತುವೆ, ಅದೇ ಖಾಲಿ ಚೀಲ. ಅಕ್ಷರ ಸಹಿತ ನೆನಪಿತ್ತು ಅವಳಿಗೆ. ಶುಕ್ರವಾರ ಇನ್ನೂ ನಾಲ್ವರನ್ನು ಸುಮ್ಮನೆ ಮಾತಿಗೆಳೆದು ಕೇಳಿದಳು. ಎಲ್ಲರೂ ಬೇರೆ ಬೇರೆ ಬಾಗಿಲು ತಟ್ಟಿದ್ದರು, ಎಲ್ಲರೂ ಬಂದು ನಿಂತದ್ದು ಅದೇ ಸೇತುವೆಗೆ.

ಹಳಿಯಣ್ಣನಿಗೆ ಮೆಲ್ಲಗೆ ಹೇಳೋಣವೆಂದುಕೊಂಡಿದ್ದಳು. ಆದರೆ ಶನಿವಾರ ಲಾರಿ ಮಾವನಿಗೆ ಕಂಬಳಿ ಹೊದೆಸುವಾಗ ಬಾಯಿ ತಪ್ಪಿ ಬಂದುಬಿಟ್ಟಿತು. ಲಾರಿ ಮಾವನಿಗೆ ಮೆಲ್ಲಗೆ ಎನ್ನುವುದೇ ಗೊತ್ತಿಲ್ಲ. ಎರಡು ಕುರ್ಚಿಯಾಚೆಗೆ ಕೇಳುವಂತೆ ಹೇಳಿದರು: "ಏನಪ್ಪಾ ಹಳಿಯಣ್ಣ, ಸ್ಟೀರಿಂಗ್ ತಂದು ನನ್ನ ಕೈಗೆ ಕೊಟ್ಟೆ ಸರಿ. ಅದನ್ನ ಚಕ್ರಕ್ಕೆ ಜೋಡಿಸೋದನ್ನೇ ಮರೆತುಬಿಟ್ಟೆಯಲ್ಲ?"

ಕೋಣೆ ನಕ್ಕಿತು. ಇನ್ನೊಬ್ಬರು, ಡಾಕ್ಟರು ಒಂದು ಲೋಟ ನೀರನ್ನೂ ಕುಡಿಯಲು ಬಿಡದ ನಮಗೆ ಊರು ತುಂಬ ನೀರು ಬಿಟ್ಟಿದ್ದೀಯಲ್ಲ ಎಂದು ಅದಕ್ಕೆ ಸೇರಿಸಿದರು. ನಗುವೇನೋ ಸಲೀಸಾಗಿ ಹೋಯಿತು, ಆದರೆ ಆಮೇಲೆ ಯಾರೂ ಫೋನು ತೆಗೆಯಲಿಲ್ಲ. ಟೀಚರಮ್ಮನ ಮಾತನ್ನೂ ಕಂಬಳಿ ಅಕ್ಕ ಮುಂದಿನ ವಾರ ಅವನಿಗೆ ಮುಟ್ಟಿಸಬೇಕಾಯಿತು; ಅವನೇ ಕೇಳಿದ, ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ದೊಡ್ಡ ಸಿಸ್ಟರ್ ದಿನಾ ತಮಾಷೆಗೆ, ಇವತ್ತು ಯಾವ ಕೈಗೆ ಚುಚ್ಚಲಿ ಎಂದು ಕೇಳುತ್ತಾರೆ. ಚುಚ್ಚಲಾಗುವ ಹಾಗೆ ನರ ಜೋಡಿಸಿರುವುದು ಒಂದೇ ಕೈಗೆ. ಈ ಆಟವೂ ಹಾಗೇ ಕೇಳುತ್ತದೆ ಎಂದಿದ್ದರು ಟೀಚರಮ್ಮ.

ಹಳಿಯಣ್ಣ ಹೇಳಿದ್ದು ಅವಳಿಗೆ ಮಾತ್ರ ಕೇಳುವಂತೆ. ಯಾರ್ಡಿನಲ್ಲಿ ಪಕ್ಕದ ಹಳಿಗೆ ಬಿಟ್ಟ ಗಾಡಿ ಎಷ್ಟೇ ಸುತ್ತಿದರೂ ಕೊನೆಗೆ ಮುಖ್ಯ ಹಳಿಗೆ ಬಂದು ಸೇರಲೇಬೇಕು; ಬರದಿದ್ದರೆ ಅಪಘಾತ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ ಕೈ. ಕಥೆ ಕಟ್ಟುವಾಗಲೂ ಒಂದೊಂದು ಕವಲನ್ನೂ ಎಳೆದು ತಂದು ಸೇತುವೆಗೆ ಸೇರಿಸಿದೆ, ಸೇರಿಸಿದಾಗಲೆಲ್ಲ ನೆಮ್ಮದಿಯಾಗುತ್ತಿತ್ತು ಎಂದ. ಅದು ತಪ್ಪು ಎಂದು ಹೊಳೆಯಲೇ ಇಲ್ಲ.

"ಈಗೇನು ಮಾಡ್ತೀರಿ?" ಎಂದಳು.

"ಒಡೀತೀನಿ."

ಒಡೆಯುವುದು ಹೇಳಿದಷ್ಟು ಸುಲಭವಿರಲಿಲ್ಲ. ಗುರುವಾರ ಅವನು ಊಟದ ಪಥ್ಯದ ಹಾಳೆಯ ಹಿಂದೆ ಲೆಕ್ಕ ಬರೆದುಕೊಂಡು ಬಂದಿದ್ದ, ಒಂದೊಂದು ಅಂಕಿಯೂ ಹೆಬ್ಬೆರಳು ಗಾತ್ರ. ಪ್ರತಿ ಕಡೆ ನಿಜವಾಗಿ ಎರಡು ದಾರಿ ಎಂದರೆ, ಒಂದು ಕಡೆ ನಿಂತರೆ ಎರಡು ಕಥೆ, ಎರಡು ಕಡೆ ನಿಂತರೆ ನಾಲ್ಕು, ಮೂರಕ್ಕೆ ಎಂಟು. ಹತ್ತು ಕಡೆಯಾಗುವ ಹೊತ್ತಿಗೆ ಸಾವಿರದ ಮೇಲೆ ಇಪ್ಪತ್ತನಾಲ್ಕು. ಮೂವತ್ತಕ್ಕೆ ಎಷ್ಟು ಎಂದು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಇರುವುದು ಒಂದೇ ಕಣ್ಣು, ಅದೂ ಬಾಡಿಗೆಯದು ಎಂದು ನಕ್ಕ.

ಕಂಬಳಿ ಅಕ್ಕನಿಗೆ ಗುಣಾಕಾರ ಅಷ್ಟಕ್ಕಷ್ಟೇ. ಆದರೆ ಮಡಿಕೆ ಗೊತ್ತಿತ್ತು. ಕೈಯಲ್ಲಿದ್ದ ಕಂಬಳಿ ಬಿಡಿಸಿ ಒಂದು ಸಲ ಮಡಿಸಿದಳು, ಎರಡು ಪದರ. ಮತ್ತೊಂದು, ನಾಲ್ಕು. ಮತ್ತೊಂದು, ಎಂಟು. ಐದನೆಯದಕ್ಕೆ ಕಂಬಳಿ ದಿಂಬಿನಂತೆ ಉಬ್ಬಿತು. ಆರನೆಯದಕ್ಕೆ ಮೊಣಕಾಲು ಊರಿ ಒತ್ತಿದರೂ ಬಗ್ಗದೆ ಬಿಚ್ಚಿಕೊಂಡಿತು.

"ಐದಕ್ಕೆ ನಿಲ್ಲಿಸಿ" ಎಂದಳು.

"ಐದೇ ಅಂದ್ರೆ ಕಥೆ ಅರ್ಧ ಗಂಟೆಗೆ ಮುಗಿದುಹೋಗುತ್ತೆ ಅಕ್ಕ. ಉಳಿದ ಮೂರೂವರೆ ಗಂಟೆ ಏನು ಮಾಡ್ತಾರೆ?"

"ಜಗಳ ಆಡ್ತಾರೆ."

ಅವನಿಗೆ ಅರ್ಥವಾಗಲಿಲ್ಲ, ಅವಳೇ ಬಿಡಿಸಿ ಹೇಳಿದಳು. ಲಾರಿ ಮಾವ ಕಾಗದ ಕೊಟ್ಟು, ಟೀಚರಮ್ಮ ಕೊಡದೆ, ಇಬ್ಬರಿಗೂ ಬೇರೆ ಬೇರೆ ಆಗಿದ್ದರೆ ಅವರು ಸುಮ್ಮನಿರುತ್ತಿದ್ದರೇ? ಅವಳ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಓದಿ ಇನ್ನೊಂದು ದಾರಿ ನೋಡುತ್ತಿದ್ದರು. ಈ ಕುರ್ಚಿಯಲ್ಲಿ ಹೊತ್ತು ಕಳೆಯುವುದು ಯಾರಿಗೂ ಬೇಕಿಲ್ಲ, ಇವರ ಹೊತ್ತನ್ನು ಯಂತ್ರವೇ ಸಾಕಷ್ಟು ಕಳೆಯುತ್ತದೆ ಎಂದಳು ಅವಳು. ಅವನು ಪಥ್ಯದ ಹಾಳೆಯನ್ನು ನಾಲ್ಕಾಗಿ ಹರಿದು ಕಸದ ಡಬ್ಬಿಗೆ ಹಾಕಲು ಅವಳ ಕೈಗೆ ಕೊಟ್ಟ.

ಅಲ್ಲಿಂದ ನಾಲ್ಕು ತಿಂಗಳು ಅವರು ಎತ್ತುಗಳ ಹಾಗೆ ದುಡಿದರು. ಮೂವತ್ತರಲ್ಲಿ ಇಪ್ಪತ್ತೈದು ನಿಲುಗಡೆ ಹೋದವು. ಅಂಚೆಯವಳು ಕೊಡೆ ಹಿಡಿಯಲೋ ಟೋಪಿ ಹಾಕಲೋ ಎಂದು ಕೇಳುತ್ತಿದ್ದ ಗುಂಡಿ ಹೋಯಿತು. ಅಂಥದ್ದನ್ನೆಲ್ಲ ಕಂಬಳಿ ಅಕ್ಕ ಒಂದೇ ಪ್ರಶ್ನೆಯಿಂದ ಕೆಡವುತ್ತಿದ್ದಳು: ಇದನ್ನು ಒತ್ತಿದರೆ ಯಾರಿಗಾದರೂ ಏನಾದರೂ ಕೈತಪ್ಪುತ್ತದೆಯೇ? ಇಲ್ಲವೆಂದರೆ ಬೇಡ. ಅಕ್ಷರಗಳು ಟ್ಯಾಬಿನಲ್ಲಿ ದೊಡ್ಡದಾಗುತ್ತಾ ಹೋದವು. ಮೊದಲು ಪುಟಕ್ಕೆ ಹತ್ತು ಸಾಲು ಕಾಣುತ್ತಿತ್ತು, ಆಮೇಲೆ ನಾಲ್ಕು, ಆಮೇಲೆ ಮೂರೇ ಪದ. ಒಂದು ಶನಿವಾರ ಅವನು ಟ್ಯಾಬನ್ನು ಕಂಬಳಿಯ ಮೇಲಿಟ್ಟು, ಇನ್ನು ನೀವೇ ಬರೆಯಿರಿ, ನಾನು ಹೇಳುತ್ತೇನೆ ಎಂದ. ಅವಳು ಒಂದೇ ಬೆರಳಲ್ಲಿ, ಒತ್ತಕ್ಷರ ಬಂದಲ್ಲಿ ಬೈದುಕೊಳ್ಳುತ್ತಾ ಬರೆದಳು. ದೊಡ್ಡ ಸಿಸ್ಟರ್ ಒಮ್ಮೆ ಬಂದು ನಿಂತು, ಒಬ್ಬರ ಕಂಬಳಿ ತಪ್ಪಿದರೂ ಈ ಕಚೇರಿ ಬಂದ್ ಎಂದು ಎಚ್ಚರಿಸಿದರು. ತಪ್ಪಲಿಲ್ಲ. ಗಂಟೆ ಸಾಲದಾದಾಗ ಅವಳು ಭಾನುವಾರ ಅವನ ತಂಗಿಯ ಮನೆಗೇ ಹೋಗತೊಡಗಿದಳು.

ಅದಕ್ಕಿಂತ ದೊಡ್ಡ ಕೆಲಸ ಅವಳ ತಲೆ ಮಾಡಿತು. ಯಾವ ದಾರಿಯಲ್ಲಿ ಸೂಲಗಿತ್ತಿಗೆ ಕಾಗದ ಸಿಕ್ಕಿದೆ, ಯಾವುದರಲ್ಲಿ ಅಂಚೆಯವಳು ತನ್ನ ಸೈಕಲ್ಲನ್ನು ಬೇರೆಯವರಿಗೆ ಕೊಟ್ಟಿದ್ದಾಳೆ, ಯಾವುದರಲ್ಲಿ ಕ್ಷೌರದವನಿಗೆ ಅವಳ ಮೇಲೆ ಸಿಟ್ಟು, ಇದೆಲ್ಲದರ ನಕ್ಷೆ ಮೊದಲು ಹಳಿಯಣ್ಣನ ಗೋಡೆಯ ಮೇಲೆ ಬಣ್ಣದ ಗೆರೆಗಳಲ್ಲಿತ್ತು. ಗೋಡೆ ಮಸುಕಾದ ಮೇಲೆ ಅವನು ಅವಳನ್ನೇ ಕೇಳುತ್ತಿದ್ದ. "ಮೇಲಿನ ಬೀದಿ, ಕ್ಷೌರದಂಗಡಿ, ಕಾಗದ ಒಡೆದಿಲ್ಲ, ಸೈಕಲ್ಲು ಕೊಟ್ಟಾಗಿದೆ. ಈಗ ಎಲ್ಲಿದೀವಿ ಅಕ್ಕ?" ಅವಳು ಪಾತ್ರೆ ಒರೆಸುತ್ತಲೇ ಹೇಳುತ್ತಿದ್ದಳು, ತನ್ನ ಕೇರಿಯ ಮನೆಗಳನ್ನು ಹೇಳುವ ಹಾಗೆ.

ಒಂದು ಭಾನುವಾರ ಐದನೇ ಕವಲಿಗೆ ಬಂದಾಗ ಇಬ್ಬರೂ ಸಿಕ್ಕಿಹಾಕಿಕೊಂಡರು. ಕೆಳಗಿನ ಬೀದಿಯಲ್ಲಿ ಒಬ್ಬ ಪಂಪಿನವನಿದ್ದಾನೆ. ಅವನು ಪಂಪು ಓಡಿಸುತ್ತಿರುವವರೆಗೆ ಆ ಬೀದಿಗೆ ಇನ್ನೂ ಅರ್ಧ ಗಂಟೆ ಸಿಗುತ್ತದೆ, ಜನ ಹೊರಬೀಳಬಹುದು. ಅವನ ಹೆಸರಿಗೆ ಮಗಳ ಕಾಗದ ಬಂದಿದೆ, ಈಗಲೇ ಬಾ ಎಂದು. ಕಾಗದ ಕೊಟ್ಟರೆ ಅವನು ಪಂಪು ಬಿಟ್ಟು ಹೋಗುತ್ತಾನೆ, ಬೀದಿ ಮುಳುಗುತ್ತದೆ. ಕೊಡದೆ ಮುಚ್ಚಿಟ್ಟರೆ ಬೀದಿ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಹಳಿಯಣ್ಣ ಎರಡನ್ನೂ ಹೇಳಿ ಬರೆಸಿದ್ದ. ಅವಳು ಬರೆದು ಮುಗಿಸಿ ಟ್ಯಾಬು ಪಕ್ಕಕ್ಕಿಟ್ಟಳು, ಮುಂದೆ ಬರೆಯಲೊಲ್ಲೆ ಎಂದಳು.

ಅವನು ಏಕೆಂದು ಕೇಳಿದ. ಅವಳು ಕಿಟಕಿಯ ಕಡೆ ತಿರುಗಿ ಕೂತು ಹೇಳಿದಳು. ಯಜಮಾನರನ್ನು ಕೊನೆಗೆ ಮೇಲಿನ ಮಹಡಿಗೆ ಹಾಕಿದ್ದಾಗ ಡಾಕ್ಟರು ಅವಳನ್ನು ಹೊರಗೆ ಕರೆದು, ಯಂತ್ರ ಮುಂದುವರಿಸೋಣವೋ ನಿಲ್ಲಿಸಿ ಮನೆಗೆ ಕರೆದೊಯ್ಯುತ್ತೀರೋ ಎಂದು ಕೇಳಿದ್ದರು. ಅವಳು ಮುಂದುವರಿಸಿ ಎಂದಳು. ಇನ್ನೂ ಹದಿನೇಳು ದಿನ ಅವರು ಸೂಜಿ ಚುಚ್ಚಿಸಿಕೊಂಡರು. ಯಜಮಾನರಿಗೆ ಆಗ ಎಚ್ಚರವಿತ್ತು, ಮಾತೂ ಬರುತ್ತಿತ್ತು. "ಬಾಗಿಲಿಂದ ಮಂಚಕ್ಕೆ ಹತ್ತು ಹೆಜ್ಜೆ. ಡಾಕ್ಟ್ರು ಅವರನ್ನ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಅಡುಗೆಮನೆಯಲ್ಲಿ ತಂಗಿ ಏನೋ ಹುರಿಯುತ್ತಿದ್ದಳು.

"ಹಾಗಾದ್ರೆ ಮೂರನೇ ಗುಂಡಿ ಬೇಕು" ಎಂದ ಹಳಿಯಣ್ಣ. "ಪಂಪಿನವನಿಗೆ ಎಲ್ಲಾ ಹೇಳಿ, ಅವನನ್ನೇ ಕೇಳೋದು."

ಅವಳಿಗೆ ಎದೆ ಹಗುರಾಯಿತು, ಜೊತೆಗೇ ಲೆಕ್ಕವೂ ನೆನಪಾಯಿತು. ನಾಲ್ಕು ಕವಲು ದಾಟಿ ಪಂಪಿನವನ ಬಾಗಿಲಿಗೆ ಬರುವ ದಾರಿಗಳು ಹದಿನಾರು. ಒಂದೊಂದಕ್ಕೂ ಇನ್ನೊಂದು ಕೊನೆ ಎಂದರೆ ಮೂವತ್ತೆರಡು ಹೋಗಿ ನಲವತ್ತೆಂಟು. ಹಳಿಯಣ್ಣನಿಗೆ ಎಡಗಣ್ಣಿನಲ್ಲೂ ಈಗ ಬೆಳಕು ಕತ್ತಲೆ ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ವಾರ ಯಂತ್ರದಲ್ಲಿದ್ದಾಗ ರಕ್ತದೊತ್ತಡ ಎರಡು ಸಲ ಬಿದ್ದುಹೋಗಿ ತಲೆ ಕೆಳಗೆ ಮಾಡಿ ಮಲಗಿಸಿದ್ದರು. ನಲವತ್ತೆಂಟು ಬರೆಸುವಷ್ಟು ದಿನ ಇದೆ ಎಂದು ಅವನಿಗೂ ಅನಿಸಲಿಲ್ಲ, ಅವಳಿಗೂ ಅನಿಸಲಿಲ್ಲ.

"ಬೇರೆ ಕಡೆ ಒಂದು ಮಡಿಕೆ ಬಿಚ್ಚಬೇಕು" ಎಂದಳು.

ಯಾವುದನ್ನು ಬಿಚ್ಚುವುದು? ಸೂಲಗಿತ್ತಿಯನ್ನು ತೆಗೆದರೆ ಟೀಚರಮ್ಮ ಜೀವಂತ ಬಿಡುವುದಿಲ್ಲ. ಕಾಗದ ಒಡೆಯುವುದು ಕಥೆಯ ಬೆನ್ನುಮೂಳೆ. ಸೈಕಲ್ಲು ಹೋದರೆ ಹೊತ್ತಿನ ಲೆಕ್ಕ ತಪ್ಪುತ್ತದೆ. ಉಳಿದದ್ದು ಮೊದಲನೆಯದು. ಅದು ರೈಲು ಗೇಟಿನ ಹತ್ತಿರ. ಗೇಟಿನವನು ಅಂಚೆಯವಳನ್ನು ನಿಲ್ಲಿಸಿ, ಮೇಲಿನ ಬೀದಿಗೋ ಕೆಳಗಿನ ಬೀದಿಗೋ ಎಂದು ಕೇಳುತ್ತಾನೆ. ಅವನ ಹಸಿರು ಬಾವುಟ, ಎಣ್ಣೆ ಮೆತ್ತಿದ ಅಂಗಿ, ಗಾಡಿ ಹೋದ ಮೇಲೂ ಸ್ವಲ್ಪ ಹೊತ್ತು ನಡುಗುವ ಕಲ್ಲುಗಳು, ಎಲ್ಲ ಆ ನಾಲ್ಕು ಪುಟದಲ್ಲಿತ್ತು. ಕಣ್ಣು ನೆಟ್ಟಗಿದ್ದಾಗ ಹಳಿಯಣ್ಣ ತನ್ನ ಕೈಯಾರೆ ಬರೆದ ಪುಟಗಳು ಅವು. ಕಥೆಯಲ್ಲಿ ಅವನೇ ನಿಂತಿದ್ದ ಜಾಗ. ಕಂಬಳಿ ಅಕ್ಕ ಹೇಳಲಾರದೆ ಸೆರಗಿನ ತುದಿ ಸುತ್ತುತ್ತಾ ಕೂತಳು. ಹೇಳಿದವನು ಅವನೇ.

"ಗೇಟು ತೆಗೆಯಿರಿ ಅಕ್ಕ. ಎಂಟು ದಾರಿ, ಮೂರು ಗುಂಡಿ, ಇಪ್ಪತ್ತನಾಲ್ಕು ಕೊನೆ. ಇದು ಮುಗಿಯುತ್ತೆ."

"ಅಷ್ಟು ಚೆನ್ನಾಗಿ ಬರೆದಿದ್ದು."

"ಚೆನ್ನಾಗಿದೆ, ನನಗೂ ಗೊತ್ತು. ಅಲ್ಲಿ ಯಾವ ಬೀದಿ ಹಿಡಿದ್ರೂ ಯಾರಿಗೂ ಏನೂ ಕೈತಪ್ಪಲ್ಲ. ನಿಮ್ಮ ಪ್ರಶ್ನೆ ತಾನೇ ಅದು? ತೆಗೆಯಿರಿ."

ಅವಳು ತೆಗೆದಳು. ಒಂದು ಕ್ಷಣದ ಕೆಲಸ. ಅಷ್ಟು ಸುಲಭವಾಗಿ ಹೋದದ್ದೇ ಅವಳಿಗೆ ಕಷ್ಟವಾಯಿತು.

ಮುಂದಿನ ಐದು ವಾರ ಅವನು ಯಂತ್ರಕ್ಕೆ ಸಿಕ್ಕಿಸಿಕೊಂಡೇ ಹೇಳಿದ, ಒತ್ತಡ ಬಿದ್ದಾಗ ನಿಲ್ಲಿಸಿದ, ಎದ್ದಾಗ ಬಿಟ್ಟ ಸಾಲಿನಿಂದ ಹಿಡಿದ. ಬಿಟ್ಟ ಸಾಲು ಯಾವುದೆಂದು ಅವಳು ಹೇಳುತ್ತಿದ್ದಳು. ಮೂರನೇ ಗುಂಡಿಯ ಎಂಟು ಕೊನೆಗಳಲ್ಲಿ ಪಂಪಿನವನು ಒಂದೇ ರೀತಿ ಉತ್ತರ ಕೊಡಲಿಲ್ಲ. ದಾರಿಯಲ್ಲಿ ಅಂಚೆಯವಳು ಏನೇನು ಮಾಡಿ ಬಂದಿದ್ದಳೋ ಅದರ ಮೇಲೆ ಅವನು ಅವಳ ಮಾತು ನಂಬಿದ ಅಥವಾ ನಂಬಲಿಲ್ಲ. ಕೆಲವು ಸಲ ಉಳಿದ, ಕೆಲವು ಸಲ ಹೊರಟ, ಒಮ್ಮೆ ಪಂಪು ಅವಳ ಕೈಗೆ ಕೊಟ್ಟು ಹೊರಟ. ಎಂಟರಲ್ಲಿ ಎರಡನ್ನು ಅವಳು ತಿದ್ದಿಸಿದಳು, ಒಂದಕ್ಕೆ ಜಗಳವಾಡಿ ಎರಡು ದಿನ ಮಾತು ಬಿಟ್ಟಿದ್ದಳು. ಇಪ್ಪತ್ತನಾಲ್ಕನೆಯದು ಮುಗಿದಾಗ ಗುರುವಾರ ಹತ್ತೂ ಮುಕ್ಕಾಲು. ಮೊದಲಿನಿಂದ ಒಂದು ದಾರಿ ಹಿಡಿದು ಓದಿದರೆ ಅವಳ ವೇಗಕ್ಕೆ ನಲವತ್ತು ನಿಮಿಷ.

ಲಾರಿ ಮಾವ ಮೊದಲು ಮುಟ್ಟಲೇ ಇಲ್ಲ. ಒಂದು ಸಲ ಮೋಸ ಹೋದ ರಸ್ತೆಗೆ ಮತ್ತೆ ಗಾಡಿ ಬಿಡುವವನಲ್ಲ ಎಂದರು. ಕಂಬಳಿ ಅಕ್ಕ ಏನೂ ಹೇಳದೆ ಬುಧವಾರ ಟೀಚರಮ್ಮನಿಗೆ ಕೊಟ್ಟಳು, ಗುರುವಾರ ಅವರ ಮಾತನ್ನು ಮಾವನ ಕಿವಿಗೆ ಹಾಕಿದಳು: ಟೀಚರಮ್ಮ ಪಂಪಿನವನ ಕಾಗದ ಮುಚ್ಚಿಟ್ಟರಂತೆ. ಬೀದಿಯ ಜನವೆಲ್ಲ ಉಳಿದರಂತೆ. ಮಾವ ಅರ್ಧ ಗಂಟೆಯಲ್ಲಿ ಓದಿ ಮುಗಿಸಿ ಕೆಂಡವಾದರು. ಅಪ್ಪನಿಗೆ ಮಗಳು ಬರೆದ ಕಾಗದ ಮುಚ್ಚಿಡಲು ಇವರ್ಯಾರು? ಶುಕ್ರವಾರ ಟೀಚರಮ್ಮನಿಂದ ಉತ್ತರ ಬಂತು, ಲಾರಿ ಓಡಿಸುವವರಿಗೆ ಹಿಂದೆ ಕೂತವರ ಲೆಕ್ಕ ಇರುವುದಿಲ್ಲ ಎಂದು. ಶನಿವಾರ ಮಾವ ಇನ್ನೊಂದು ದಾರಿ ಹಿಡಿದರು, ಅದರಲ್ಲೂ ಬೀದಿ ಮುಳುಗಿತು, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದರು. ಆ ಕುರ್ಚಿ ಈ ಕುರ್ಚಿಯವರೂ ಸೇರಿಕೊಂಡರು. ಎರಡು ವಾರದಲ್ಲಿ ಕಂಬಳಿ ಅಕ್ಕನಿಗೆ ಆರು ದಿನವೂ ಮಾತು ಹೊತ್ತು ತರುವುದೇ ಕೆಲಸವಾಯಿತು. ಕೊನೆಗೆ ಟೀಚರಮ್ಮ ಸಿಸ್ಟರನ್ನು ಕಾಡಿ ಬೇಡಿ ಒಂದು ದಿನ ತಮ್ಮ ಸರದಿಯನ್ನು ಮಂಗಳವಾರಕ್ಕೆ ಹಾಕಿಸಿಕೊಂಡು, ನಾಲ್ಕನೇ ಕುರ್ಚಿಯಲ್ಲಿ ಬಂದು ಕೂತು, ಪಕ್ಕಕ್ಕೆ ತಿರುಗಿ ಕೇಳಿದರು: "ಲಾರಿ ಅಂದ್ರೆ ನೀವೇನಾ? ಹೇಳಿ ಈಗ, ಎದುರೇ ಇದೀನಿ."

ನಾಲ್ಕು ಗಂಟೆ ನಡೆಯಿತು ಆ ಜಗಳ. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದುಕೊಂಡ ಹತ್ತು ನಿಮಿಷವೂ ನಡೆಯಿತು. ಐದನೇ ಕುರ್ಚಿಯಲ್ಲಿ ಹಳಿಯಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಯಾರು ಸರಿ ಎಂದು ಇಬ್ಬರೂ ಅವನನ್ನು ಕೇಳಿದಾಗ, ತನಗೆ ಗೊತ್ತಿಲ್ಲ ಎಂದಷ್ಟೇ ಹೇಳಿದ. ಅದು ನಿಜವೂ ಆಗಿತ್ತು.

ಮಳೆಗಾಲದ ಕೊನೆಗೆ ಅವನ ಕೈಯ ನರ ಮುಚ್ಚಿಹೋಯಿತು. ಇನ್ನೊಂದು ಕಡೆ ಕೊಳವೆ ಹಾಕಿದರು, ಅಲ್ಲಿ ಸೋಂಕಾಯಿತು. ಮೇಲಿನ ಮಹಡಿಗೆ ಕರೆದೊಯ್ದರು. ಅವನ ಕಂಬಳಿಯನ್ನು ಅವಳು ಕೆಳಗೆ ಯಾರಿಗೂ ಕೊಡದೆ, ಕೆಲಸ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ತಂಗಿ ಹೊರಗೆ ಡಾಕ್ಟರ ಜೊತೆ ಮಾತಾಡುತ್ತಾ ನಿಂತಿದ್ದಳು. ಕಂಬಳಿ ಅಕ್ಕ ಒಳಗೆ ಹೋಗಿ ಅವನ ಪಾದದ ಕೆಳಗೆ ಕಂಬಳಿ ಒತ್ತಿ ಸಿಕ್ಕಿಸಿದಳು. ಒತ್ತಿದ ರೀತಿಯಿಂದಲೇ ಅವನಿಗೆ ಯಾರೆಂದು ಗೊತ್ತಾಯಿತು. ಟ್ಯಾಬು ದಿಂಬಿನ ಕೆಳಗಿದೆ, ತೆಗೆಯಿರಿ ಎಂದ. ಕೆಳಗಿನ ಸುದ್ದಿ ಕೇಳಿದ. ಲಾರಿ ಮಾವ ಹನ್ನೆರಡನೇ ಕೊನೆ ಮುಟ್ಟಿದ್ದಾರೆ, ಹೊಸದಾಗಿ ಬಂದ ಎಂಟನೇ ಕುರ್ಚಿಯವನು ಪಂಪಿನವನಿಗಾಗಿ ಅತ್ತ ಎಂದಳು. ಅವನು ನಕ್ಕ. ನಗುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಕಟ್ಟಿದವನು ತಾನೇ, ಆದರೆ ಒಂದು ಸಲವೂ ಓದಿಲ್ಲ ಎಂದ. ಬರೆಯುವಾಗ ಎಂಟೂ ದಾರಿ ಒಟ್ಟಿಗೇ ತಲೆಯಲ್ಲಿರುತ್ತಿದ್ದವು. ಒಂದೇ ಒಂದು ಹಿಡಿದು, ಉಳಿದದ್ದು ಬಿಟ್ಟು ಕೊನೆಯವರೆಗೆ ಹೋದದ್ದೇ ಇಲ್ಲ.

ಕಂಬಳಿ ಅಕ್ಕ ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದಳು.

"ನಿಧಾನಕ್ಕೇ ಓದಿ ಅಕ್ಕ" ಎಂದ. "ಕಥೆ ಎಲ್ಲಿ ನಿಲ್ಲುತ್ತೋ ಅಲ್ಲಿ ನೀವೂ ನಿಂತು ನನ್ನನ್ನ ಕೇಳಿ. ನಾನು ಉತ್ತರ ಹೇಳೋವರೆಗೆ ಮುಂದೆ ಹೋಗಬೇಡಿ."